ಛಾವಣಿ ಏಳುವ ಸಂಚಾರಿ ಮನೆ



ಡಂಬಳ, ಮುಂಡರಗಿ, ಲಕ್ಷ್ಮೇಶ್ವರ ಕಡೆಯ ಹಿರಿಯರಿಗೆ ಸವಾರಿ ಬಂಡಿಯನ್ನು ಪರಿಚಯಿಸಬೇಕಾಗಿಲ್ಲ. ಚಕ್ಕಡಿಯ ಮೇಲೆ ಬಿದಿರನ್ನು ಬಿಲ್ಲಿನಂತೆ ಬಾಗಿಸಿ ಕಟ್ಟಿ, ಮೇಲೆ ಚಾಪೆಯನ್ನೋ ತಾಡಪತ್ರಿಯನ್ನೋ ಹೊದಿಸಿದರೆ ಜಾತ್ರೆಗೆ ಹೊರಟ ಕುಟುಂಬಕ್ಕೆ ಅದೇ ಮನೆ. ಕೆಳಗೆ ಹುಲ್ಲು, ಹುಲ್ಲಿನ ಮೇಲೆ ಕೌದಿ. ಹಗಲು ಅದೇ ಆಸನ, ರಾತ್ರಿ ಅದೇ ಹಾಸಿಗೆ, ದಾರಿಯಲ್ಲಿ ಎತ್ತುಗಳಿಗೆ ಅದೇ ಮೇವು. ಊರಿಗೆ ಮರಳಿ ಬಿದಿರು ಬಿಚ್ಚಿಟ್ಟರೆ ಚಕ್ಕಡಿ ಮತ್ತೆ ಹೊಲಕ್ಕೆ ಗೊಬ್ಬರ ಹೊರಲು ಸಿದ್ಧ.

ಈಗ ಚಕ್ಕಡಿಯ ಜಾಗಕ್ಕೆ ಪಿಕಪ್ ವಾಹನ ಬಂದಿದೆ. ಅದರ ಹಿಂಬದಿಯ ತೊಟ್ಟಿಯಲ್ಲಿ ಒಂದು ಗೂಡು ಕೂರಿಸಿ, ನಿಂತಾಗ ಛಾವಣಿಯನ್ನು ಮೇಲಕ್ಕೆತ್ತಿ, ಹೊರಡುವಾಗ ಇಳಿಸುವ ಸಂಚಾರಿ ಮನೆಗಳನ್ನು ವಿದೇಶಗಳಲ್ಲಿ ಬಹುಕಾಲದಿಂದ ಕಟ್ಟುತ್ತಿದ್ದಾರೆ. ನಮ್ಮ ದೇಶದಲ್ಲಿಯೂ 2022ರಲ್ಲಿ ಮಹೀಂದ್ರ ಕಂಪನಿಯು ಬೊಲೆರೊ ಕ್ಯಾಂಪರ್ ಪಿಕಪ್ ಮೇಲೆ ಸಂಚಾರಿ ಮನೆ ನಿರ್ಮಿಸಲು ಇನ್ನೊಂದು ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. ವೇಳಾಂಗಣಿಗೋ ದೂರದ ಬಂಧುಗಳ ಊರಿಗೋ ಎರಡು ದಿನದ ಹಾದಿ ಹಿಡಿಯುವ ಕುಟುಂಬಕ್ಕೆ ಇಂಥ ಮನೆಯ ಆಸೆ ಹುಟ್ಟುವುದು ಸಹಜ. ಖಾಲಿ ಗೂಡು ಸಿಕ್ಕಿತೆಂದಿಟ್ಟುಕೊಳ್ಳಿ. ಅದರ ಒಳಾಂಗಣವನ್ನು ಹೇಗೆ ಕಟ್ಟಬೇಕು? ಈ ವಾರದ ಪಾಠ ಇದು.

ಮೊದಲ ಪ್ರಶ್ನೆ: ಎಷ್ಟು ಜನ, ಎಷ್ಟು ಸೀಟು?

ಬಡಿಗೇರನನ್ನು ಕರೆಯುವ ಮೊದಲು ಮನೆಯವರನ್ನು ಎಣಿಸಿರಿ. ಸರಕು ವಾಹನದ ಹಿಂಬದಿಯಲ್ಲಿ ಜನರನ್ನು ತುಂಬಿ ಓಡಿಸುವುದಕ್ಕೆ ಕಾನೂನಿನ ಅನುಮತಿಯಿಲ್ಲ. ಮದುವೆಗೆ, ಜಾತ್ರೆಗೆ ಹಾಗೆ ಹೊರಟವರು ಹೆಣವಾಗಿ ಮರಳಿದ ಸುದ್ದಿಯನ್ನು ನಾವೆಲ್ಲರೂ ಓದಿದ್ದೇವೆ. ಒಳಗೆ ಮೆತ್ತನೆಯ ಹಾಸಿಗೆ ಇದ್ದ ಮಾತ್ರಕ್ಕೆ ಆ ಅಪಾಯ ತಪ್ಪುವುದಿಲ್ಲ. ವಾಹನ ಓಡುವಾಗ ಎಲ್ಲರೂ ಚಾಲಕನ ಕೋಣೆಯಲ್ಲಿ, ಬೆಲ್ಟ್ ಹಾಕಿಕೊಂಡು ಕುಳಿತಿರಬೇಕು. ನಾಲ್ಕು ಜನರ ಕುಟುಂಬವಾದರೆ ಎರಡು ಸಾಲು ಸೀಟಿನ ಪಿಕಪ್ಪೇ ಬೇಕು. ಒಂದು ಸಾಲಿನದಾದರೆ ಅದು ಗಂಡ-ಹೆಂಡಿರಿಗೆ ಮಾತ್ರ ಸಾಕಾಗುವ ಮನೆ.

ಎರಡನೆಯದು ಕಾಗದಪತ್ರ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನದ ಮೂಲ ರಚನೆಯನ್ನು ಮನಬಂದಂತೆ ಬದಲಿಸುವುದನ್ನು ತಡೆಯುತ್ತದೆ. ಆದ್ದರಿಂದ ಹಣ ಸುರಿಯುವ ಮೊದಲೇ ನಿಮ್ಮ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ನಕ್ಷೆ ತೋರಿಸಿ, ಯಾವುದಕ್ಕೆ ಅನುಮತಿ ಇದೆಯೆಂದು ಬರವಣಿಗೆಯಲ್ಲಿ ಕೇಳಿಕೊಳ್ಳಿರಿ. ವಿಮಾ ಕಂಪನಿಗೂ ತಿಳಿಸಿರಿ.

ನೆಲದ ಮೇಲೆ ಬರೆದು ನೋಡಿ

ಡಂಬಳದ ದೊಡ್ಡಬಸಪ್ಪನ ಗುಡಿಯನ್ನು ನೋಡಿದವರು ಅದರ 24 ಮೂಲೆಗಳ ನಕ್ಷತ್ರದಂಥ ಗರ್ಭಗುಡಿಯನ್ನು ಮರೆಯಲಾರರು. 12ನೆಯ ಶತಮಾನದ ಆ ಶಿಲ್ಪಿಗಳ ಕೆಲಸದಲ್ಲಿ ಅಳತೆ ಮೊದಲು, ಕಲ್ಲು ಆಮೇಲೆ. ನೀವೂ ಹಾಗೆಯೇ ಮಾಡಿರಿ. ಗೂಡಿನ ಒಳ ಅಳತೆಯನ್ನು ಅಂಗಳದಲ್ಲಿ ಸೀಮೆಸುಣ್ಣದಿಂದ ಪೂರ್ಣ ಗಾತ್ರದಲ್ಲಿ ಬರೆಯಿರಿ. ಚಕ್ರದ ಮೇಲಿನ ಉಬ್ಬನ್ನೂ ಬಾಗಿಲು ತೆರೆಯುವ ಜಾಗವನ್ನೂ ಗುರುತಿಸಿರಿ. ಮನೆಯವರೆಲ್ಲ ಅದರೊಳಗೆ ಕುಳಿತು, ಮಲಗಿ, ಎದ್ದು ನೋಡಲಿ. ಯಾರ ಕಾಲು ಯಾರಿಗೆ ತಾಗುತ್ತದೆಂಬುದು ಕಾಗದದ ಮೇಲೆ ತಿಳಿಯದು, ಅಂಗಳದಲ್ಲಿ ತಿಳಿಯುತ್ತದೆ.

ಎತ್ತರಕ್ಕೆ ಇನ್ನೊಂದು ನಿಯಮವಿದೆ. ಛಾವಣಿ ಇಳಿದಾಗ ಒಳಗೆ ಉಳಿಯುವ ಎತ್ತರವೇ ನಿಮ್ಮ ಕಪಾಟುಗಳ ಮಿತಿ. ಕ್ಯಾನ್ವಾಸ್ ಬಟ್ಟೆ ಮಡಚಿಕೊಳ್ಳಲು ಅದರಲ್ಲಿಯೂ ನಾಲ್ಕೈದು ಇಂಚು ಬಿಡಬೇಕು. ಮೊಳೆಯ ತುದಿ, ತಗಡಿನ ಅಂಚು ಹೊರಚಾಚಿದ್ದರೆ ಮಡಿಕೆಯಲ್ಲಿ ಬಟ್ಟೆ ಹರಿಯುವುದು ಖಂಡಿತ.

ಭಾರದ ಲೆಕ್ಕ

ನೋಂದಣಿ ಪತ್ರದಲ್ಲಿರುವ ವಾಹನದ ಒಟ್ಟು ತೂಕದ ಮಿತಿಯನ್ನು ನೋಡಿರಿ. ಅದರಲ್ಲಿ ಖಾಲಿ ವಾಹನದ ತೂಕ ಕಳೆದರೆ ಉಳಿಯುವುದೇ ನಿಮ್ಮ ಪಾಲು. ಒಂದು ಉದಾಹರಣೆ: ಗೂಡು 200 ಕಿಲೋ, ಒಳಗಿನ ಹಲಗೆ ಕೆಲಸ 90, ಬ್ಯಾಟರಿ 30, ನೀರು 40, ಒಲೆ ಮತ್ತು ಅನಿಲ 20, ಬಟ್ಟೆ-ಹಾಸಿಗೆ-ಬುತ್ತಿ 80, ನಾಲ್ಕು ಜನ 240. ಒಟ್ಟು 700 ಕಿಲೋ.

ಹಲಗೆಯ ವಿಷಯದಲ್ಲಿಯೇ ಹೆಚ್ಚು ಜನ ಎಡವುತ್ತಾರೆ. 8 ಅಡಿ ಉದ್ದ, 4 ಅಡಿ ಅಗಲದ 18 ಮಿ.ಮೀ. ಪ್ಲೈವುಡ್ ಸುಮಾರು 35 ಕಿಲೋ ತೂಗುತ್ತದೆ; 12 ಮಿ.ಮೀ.ಯದು ಸುಮಾರು 23 ಕಿಲೋ. ಮನೆಯ ಕಪಾಟಿಗೆ ಬಳಸುವ ದಪ್ಪ ಹಲಗೆ ಇಲ್ಲಿ ಬೇಡ. ಅಲ್ಯೂಮಿನಿಯಂ ಪಟ್ಟಿಯ ಚೌಕಟ್ಟಿಗೆ ತೆಳು ಹಲಗೆ ಕೂರಿಸಿದರೆ ಸಾಕು. ನೀರು, ಬ್ಯಾಟರಿಯಂಥ ಭಾರದ ವಸ್ತುಗಳು ತಳದಲ್ಲಿ, ಹಿಂದಿನ ಗಾಲಿಯ ಅಚ್ಚಿಗಿಂತ ಮುಂದಕ್ಕೆ ಇರಲಿ. ಎಡ-ಬಲ ಭಾರ ಸಮವಾಗಿರಲಿ. ಮೇಲೆ ಭಾರವಾದರೆ ತಿರುವಿನಲ್ಲಿ ವಾಹನ ವಾಲುತ್ತದೆ. ಹಿಂದೆ ಭಾರವಾದರೆ ಮುಂದಿನ ಗಾಲಿಯ ಹಿಡಿತ ತಪ್ಪುತ್ತದೆ.

ಒಂದು ವಸ್ತು, ಎರಡು ಕೆಲಸ

ಸವಾರಿ ಬಂಡಿಯ ಹುಲ್ಲನ್ನು ನೆನೆಯಿರಿ. ಇಲ್ಲಿಯೂ ಒಂದೇ ಕೆಲಸಕ್ಕೆ ಬರುವ ವಸ್ತುವಿಗೆ ಜಾಗವಿಲ್ಲ. ಎರಡೂ ಬದಿಗೆ 16ರಿಂದ 18 ಇಂಚು ಎತ್ತರದ ಪೆಟ್ಟಿಗೆಗಳನ್ನು ಕೂರಿಸಿರಿ. ಮುಚ್ಚಳ ಹಾಕಿದರೆ ಆಸನ, ತೆರೆದರೆ ಬಟ್ಟೆ-ಪಾತ್ರೆಗಳ ಉಗ್ರಾಣ. ನಡುವಿನ ಮೇಜಿನ ಕಾಲು ಕಳಚಿ ಹಲಗೆಯನ್ನು ಪೆಟ್ಟಿಗೆಗಳ ನಡುವೆ ಇಳಿಸಿದರೆ ಅದೇ ಮಂಚ.

ಎರಡು ಸಾಲು ಸೀಟಿನ ಪಿಕಪ್‌ನ ತೊಟ್ಟಿ ಗಿಡ್ಡ. ದೊಡ್ಡವರು ಅದರಲ್ಲಿ ಕಾಲು ಚಾಚಿ ಮಲಗಲಾರರು. ಆದ್ದರಿಂದ ಅಂಥ ಗೂಡುಗಳ ಮುಂಭಾಗವನ್ನು ಚಾಲಕನ ಕೋಣೆಯ ಮೇಲಕ್ಕೆ ಚಾಚಿ, ದೊಡ್ಡವರ ಹಾಸಿಗೆಯನ್ನು ಅಲ್ಲಿ ಮಾಡುತ್ತಾರೆ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ ಇಬ್ಬರಿಗೆ ಸಾಕು. ಕೆಳಗಿನ ಮೇಜು-ಮಂಚ ಮಕ್ಕಳಿಗೆ.

ನಮ್ಮ ರಸ್ತೆಗಳ ಕುಲುಕಾಟಕ್ಕೆ ಬರೀ ಮೊಳೆ ನಿಲ್ಲದು. ಬೋಲ್ಟಿಗೆ ನೈಲಾನ್ ಬಳೆಯಿರುವ ನಟ್ಟು ಹಾಕಿಸಿರಿ. ಪ್ರತಿ ಪೆಟ್ಟಿಗೆಗೂ, ಬಾಗಿಲಿಗೂ ಚಿಲಕವಿರಲಿ. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಹಾರಿಬರುವ ಕುಕ್ಕರ್ ಕಲ್ಲಿಗಿಂತ ಕಡಿಮೆಯದಲ್ಲ.

ದೀಪ ಮತ್ತು ಗಾಳಿ

12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1,200 ವ್ಯಾಟ್-ಅವರ್ ಶಕ್ತಿ ಇರುತ್ತದೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಷ್ಯ ಕುಗ್ಗುತ್ತದೆ. ಹೀಗಾಗಿ ನಿಮಗೆ ದಕ್ಕುವುದು 600. ಐದು ವ್ಯಾಟಿನ ಎರಡು ಎಲ್ಇಡಿ ದೀಪ ಐದು ತಾಸು ಉರಿದರೆ 50. 25 ವ್ಯಾಟಿನ ಫ್ಯಾನ್ ಎಂಟು ತಾಸು ತಿರುಗಿದರೆ 200. ರಾತ್ರಿಯೊಂದಕ್ಕೆ 250 ಆಯಿತು. ಎರಡು ರಾತ್ರಿಗೆ ಸಾಕು. ಬ್ಯಾಟರಿಯ ಕೂಡು ತಂತಿಗೆ, ಬ್ಯಾಟರಿಯ ಹತ್ತಿರದಲ್ಲಿಯೇ ಫ್ಯೂಸ್ ಹಾಕಿಸದೆ ಬಿಡಬೇಡಿರಿ. ಕ್ಯಾನ್ವಾಸ್ ಮನೆಯಲ್ಲಿ ಒಂದು ಕಿಡಿ ಸಾಕು.

ಮಲಗುವವರ ಉಸಿರಿನಿಂದಲೇ ಬೆಳಗಿನ ಹೊತ್ತಿಗೆ ಬಟ್ಟೆಯ ಒಳಮೈ ಒದ್ದೆಯಾಗುತ್ತದೆ. ಒದ್ದೆ ಬಟ್ಟೆ ಮಡಚಿಟ್ಟು ಛಾವಣಿ ಇಳಿಸಿದರೆ ಬೂಸಲು ಖಂಡಿತ. ಊರು ಮುಟ್ಟಿದ ಕೂಡಲೇ ಛಾವಣಿ ಎತ್ತಿ ಬಿಸಿಲಿಗೆ ಒಣಗಿಸಿರಿ.

ಪ್ರಾಣಕ್ಕೆ ಸಂಬಂಧಿಸಿದ ಮಾತು

ಈ ಪಾಠದಲ್ಲಿ ಬೇರೆಲ್ಲ ಮರೆತರೂ ಈ ಭಾಗವನ್ನು ಮರೆಯಬೇಡಿರಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಅದು ನೆಲಕ್ಕಿಳಿದು, ಹಾಸಿಗೆಯ ಮಟ್ಟಕ್ಕೆ ತುಂಬಿ, ಒಂದು ಕಿಡಿಗಾಗಿ ಕಾಯುತ್ತದೆ. ಸಿಲಿಂಡರ್ ಇಡುವ ಪೆಟ್ಟಿಗೆಗೆ ಒಳಗಿನಿಂದ ಯಾವ ಸಂದೂ ಇರಬಾರದು. ತಳದಲ್ಲಿ ಹೊರಗಾಳಿಗೆ ತೆರೆದ ರಂಧ್ರ ಇರಲೇಬೇಕು. ಅಡುಗೆಯನ್ನು ಹೊರಗೆ, ತಾಡಪತ್ರಿಯ ಚಪ್ಪರದಡಿ ಮಾಡುವುದೇ ಉತ್ತಮ.

ಚಳಿಯೆಂದು ಇದ್ದಿಲಿನ ಸಿಗಡಿಯನ್ನು ಒಳಗಿಟ್ಟು ಮಲಗಬೇಡಿರಿ. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲಿರುವವರನ್ನು ಎಬ್ಬಿಸದೆಯೇ ಕೊಲ್ಲುತ್ತದೆ. ಎಂಜಿನ್ ಚಾಲೂ ಇಟ್ಟು ಮಲಗುವುದೂ ಅಷ್ಟೇ ಅಪಾಯ. ಕೆಳಗೊಂದು, ಮೇಲೊಂದು ಗಾಳಿಕಿಂಡಿ ರಾತ್ರಿಯಿಡೀ ತೆರೆದಿರಲಿ. ಬೆಂಕಿ ನಂದಿಸುವ ಸಾಧನ ಬಾಗಿಲ ಬಳಿ ಇರಲಿ. ಬಾಗಿಲಲ್ಲದೆ ಇನ್ನೊಂದು ಹೊರದಾರಿ ಇರಬೇಕು. ಅದನ್ನು ತೆರೆಯುವುದು ಚಿಕ್ಕ ಮಗುವಿಗೂ ತಿಳಿದಿರಬೇಕು.

ಹೊರಡುವ ಮುನ್ನ ಒಬ್ಬರು ಛಾವಣಿಯ ಕೊಂಡಿಗಳನ್ನು ಹಾಕಲಿ, ಇನ್ನೊಬ್ಬರು ಎಣಿಸಿ ನೋಡಲಿ. ಗಾಳಿಗೆ ಛಾವಣಿ ಹಾರಿದರೆ ಹಿಂದೆ ಬರುವವರಿಗೆ ಅದೇ ಮೃತ್ಯು. ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿಧಾಮವಾಗಿ ಘೋಷಿತವಾಗಿದೆ. ಅಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಬೀಡುಬಿಡುವಂತಿಲ್ಲ.

ಮಿತಿಯಲ್ಲಿ ಬಾಳುವ ಕಲೆ

ಇಷ್ಟು ಚಿಕ್ಕ ಮನೆಯಲ್ಲಿ ಒಬ್ಬರು ಹಾಸಿಗೆ ಮಡಚದಿದ್ದರೆ ಉಳಿದವರಿಗೆ ಊಟಕ್ಕೆ ಕೂರಲು ಜಾಗವಿಲ್ಲ. ಒಬ್ಬರು ನೀರು ಚೆಲ್ಲಿದರೆ ಎಲ್ಲರಿಗೂ ಕೊರತೆ. ದೊಡ್ಡ ಮನೆಯಲ್ಲಿ ತಾಯಿಯೊಬ್ಬಳ ಮೈಮೇಲೆ ಬೀಳುವ ಕೆಲಸ ಇಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಕೆಲಸ ಹಂಚಿಕೊಳ್ಳದ ಕುಟುಂಬ ಎರಡನೆಯ ದಿನವೇ ಜಗಳವಾಡಿ ಮರಳುತ್ತದೆ. ಆದ್ದರಿಂದ ನಕ್ಷೆಯ ಜೊತೆಗೆ ಕೆಲಸದ ಪಟ್ಟಿಯನ್ನೂ ಬರೆದು, ಒಳಬಾಗಿಲಿಗೆ ಅಂಟಿಸಿರಿ. ಅದರಲ್ಲಿ ತಂದೆಯ ಹೆಸರೂ ಇರಲಿ.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಯಿಂದ ಹೊರಟರೆ ಎಲ್ಲರಿಗೂ ಬೆಲ್ಟ್ ಇರುವ ಸೀಟು ಇದೆಯೇ? ಇಲ್ಲದಿದ್ದರೆ ಯಾರು ಬಸ್ಸಿಗೆ, ಯಾರು ರೈಲಿಗೆ?

2. ಎರಡು ದಿನದ ಪ್ರಯಾಣಕ್ಕೆ ನಿಜವಾಗಿ ಬೇಕಾದ ವಸ್ತುಗಳು ಯಾವುವು? ಪ್ರತಿಯೊಬ್ಬರೂ ಹತ್ತನ್ನು ಬರೆದು, ಅದರಲ್ಲಿ ಮೂರನ್ನು ಹೊಡೆದುಹಾಕಿರಿ.

3. ಬೆಳಿಗ್ಗೆ ಹಾಸಿಗೆ ಮಡಚುವವರು, ನೀರು ತುಂಬುವವರು, ಪಾತ್ರೆ ತೊಳೆಯುವವರು ಯಾರು? ಈಗ ಮನೆಯಲ್ಲಿ ಆ ಕೆಲಸ ಯಾರ ಪಾಲಿಗಿದೆ?