ಮೂರು ಟಪಾಲು ಪೆಟ್ಟಿಗೆ, ಒಂದೇ ಮೇಜು
(ಗಣಕಯಂತ್ರದಲ್ಲಿ ಹಲವು ಇ-ಮೇಲ್ ಖಾತೆಗಳ ನಿರ್ವಹಣೆ)



ಚಿಕ್ಕೋಡಿಯಿಂದ ನಿಪ್ಪಾಣಿ, ಅಥಣಿಯಿಂದ ಕಾಗವಾಡ ಬೇರ್ಪಟ್ಟು ಹೊಸ ತಾಲ್ಲೂಕುಗಳಾದಾಗ ಅರ್ಜಿ ಹಿಡಿದು ಹೊರಟ ರೈತನ ಮೊದಲ ಪ್ರಶ್ನೆ, "ಈ ಕಾಗದ ಯಾವ ಕಚೇರಿಗೆ?" ಎಂಬುದಾಗಿತ್ತು. ಒಂದಕ್ಕಿಂತ ಹೆಚ್ಚು ಇ-ಮೇಲ್ ಖಾತೆ ಇರುವವರೂ ಪ್ರತಿ ಪತ್ರಕ್ಕೆ ಇಂಥದೇ ಪ್ರಶ್ನೆ ಕೇಳಿಕೊಳ್ಳಬೇಕು.

ನನ್ನ ಅನುಭವವನ್ನೇ ಹೇಳುತ್ತೇನೆ. ನನ್ನ ವಾಸ ಚಿಕ್ಕೋಡಿ. ಇಲ್ಲಿ ಕಬ್ಬಿನ ಹೊಲ. ಶಿರಸಿಯ ಕಡೆ ಅಣ್ಣನೊಡನೆ ಪಾಲಿನ ಅಡಿಕೆ ತೋಟ, ನಡುವೆ ಕಾಫಿ ಗಿಡ. ಹೀಗಾಗಿ ಖಾತೆ ಮೂರು: ಸ್ವಂತದ್ದು, ತೋಟದ್ದು, ಇಲ್ಲಿನ ಕಬ್ಬು ಬೆಳೆಗಾರರ ಗುಂಪಿನದು. ಒಂದು ಕೊಯ್ಲಿನ ವೇಳೆ ಅಡಿಕೆ ಕೊಂಡವರಿಗೆ ಚೀಲಗಳ ತೂಕವನ್ನೂ ತೋಟದ ಬ್ಯಾಂಕ್ ಖಾತೆ ಸಂಖ್ಯೆಯನ್ನೂ ಬರೆದು ಕಳುಹಿಸಿದೆ. ಪತ್ರ ಹೋದದ್ದು ಗುಂಪಿನ ವಿಳಾಸದಿಂದ! ಗುರುತಿಲ್ಲದ ವಿಳಾಸದಿಂದ ಹಣದ ಮಾತು ಬಂದದ್ದರಿಂದ ಅವರು ಮೋಸವಿರಬೇಕೆಂದು ಹಣ ತಡೆಹಿಡಿದರು. ಅವರು ಮಾಡಿದ್ದು ಸರಿ, ತಪ್ಪು ನನ್ನದು. ಅಣ್ಣ ಫೋನ್ ಮಾಡಿ ವಿವರಿಸುವವರೆಗೆ ನಾಲ್ಕು ದಿನ ಕೊನೆ ಕೊಯ್ದವರ ಕೂಲಿ ನಿಂತಿತು.

ಇಂಥ ತಪ್ಪು ತಪ್ಪಿಸಲು ಥಂಡರ್‌ಬರ್ಡ್‌ನಂತಹ ಟಪಾಲು ತಂತ್ರಾಂಶ ನೆರವಾಗುತ್ತದೆ. 2004ರಲ್ಲಿ ಇದರ ಮೊದಲ ಪೂರ್ಣ ಆವೃತ್ತಿ ಬಂದಿತು. ಇದಕ್ಕೆ ಹಣ ಕೊಡಬೇಕಿಲ್ಲ. ಎಲ್ಲ ಖಾತೆಗಳನ್ನೂ ಒಂದೇ ಪರದೆಯಲ್ಲಿ ತೋರಿಸಿದರೂ ಅವುಗಳ ಪೆಟ್ಟಿಗೆಗಳನ್ನು ಬೇರೆ ಬೇರೆಯಾಗಿಯೇ ಇಡುತ್ತದೆ. ಅನುಸರಿಸಬೇಕಾದ ಕ್ರಮ ಹೀಗಿದೆ:

1. ಖಾತೆ ಸೇರಿಸುವುದು: 'ಅಕೌಂಟ್ ಸೆಟ್ಟಿಂಗ್ಸ್'ನಲ್ಲಿ ಒಂದೊಂದಾಗಿ ಖಾತೆ ಸೇರಿಸಿರಿ. ಹೆಸರಿನ ಜಾಗದಲ್ಲಿ 'ತೋಟ', 'ಗುಂಪು', 'ಸ್ವಂತ' ಎಂದು ಕನ್ನಡದಲ್ಲಿಯೇ ಬರೆಯಬಹುದು. ಜಿಮೇಲ್ ಖಾತೆಯಾದರೆ ಗೂಗಲ್‌ನ ಪುಟವೇ ತೆರೆದು ಅನುಮತಿ ಕೇಳುತ್ತದೆ.

2. ಐಮ್ಯಾಪ್ ಅಥವಾ ಪಾಪ್: ಐಮ್ಯಾಪ್ ಪದ್ಧತಿಯಲ್ಲಿ ಮೂಲ ಪತ್ರ ಸರ್ವರ್‌ನಲ್ಲಿಯೇ ಇರುತ್ತದೆ, ಅಣ್ಣ ಶಿರಸಿಯಲ್ಲಿ ಓದಿದ್ದು ನನಗೆ ಚಿಕ್ಕೋಡಿಯಲ್ಲಿಯೂ ಓದಿದಂತೆ ಕಾಣುತ್ತದೆ. ಪಾಪ್ ಪದ್ಧತಿಯಲ್ಲಿ ಪತ್ರ ಗಣಕಯಂತ್ರಕ್ಕೆ ಇಳಿಯುತ್ತದೆ. ಸರ್ವರ್‌ನಲ್ಲಿ ಪ್ರತಿ ಉಳಿಸುವಂತೆ ಗುರುತು ಹಾಕದಿದ್ದರೆ ಅಲ್ಲಿ ಅಳಿಸಿಹೋಗಬಹುದು. ಇಬ್ಬರು ನೋಡುವ ಖಾತೆಗೆ ಐಮ್ಯಾಪೇ ತಕ್ಕದ್ದು. ಆದರೆ ಎಚ್ಚರ: ಐಮ್ಯಾಪ್‌ನಲ್ಲಿ ಒಬ್ಬರು ಅಳಿಸಿದರೆ ಇಬ್ಬರಿಗೂ ಅಳಿಯುತ್ತದೆ.

3. ಓದುವುದು: 'ಯೂನಿಫೈಡ್ ಫೋಲ್ಡರ್ಸ್' ಆರಿಸಿದರೆ ಮೂರೂ ಖಾತೆಗಳಿಗೆ ಬಂದ ಪತ್ರಗಳು ಒಂದೇ ಪಟ್ಟಿಯಲ್ಲಿ ಕಾಣುತ್ತವೆ. ಮುಂಜಾನೆ ಒಮ್ಮೆ ನೋಡಿದರೆ ಯಾವ ಖಾತೆಯೂ ಮರೆತುಹೋಗದು.

4. ಬರೆಯುವುದು: ಪಾಠದ ತಿರುಳು ಇಲ್ಲಿದೆ. ಬಂದ ಪತ್ರಕ್ಕೆ ಉತ್ತರಿಸುವಾಗ ತಂತ್ರಾಂಶ ಸಾಮಾನ್ಯವಾಗಿ ಅದು ಬಂದ ಖಾತೆಯನ್ನೇ ಹಿಡಿಯುತ್ತದೆ. ಹೊಸ ಪತ್ರ ತೆರೆದಾಗ ಹಾಗಲ್ಲ. ಆಗ ಆಯ್ಕೆಯಾಗಿದ್ದ ಖಾತೆ ಅಥವಾ ಮೊದಲೇ ಮುಖ್ಯವೆಂದು ಗುರುತಿಸಿದ ಖಾತೆ 'ಫ್ರಂ' ಸಾಲಿನಲ್ಲಿ ಬಂದಿರುತ್ತದೆ. ನಾನು ಎಡವಿದ್ದು ಅಲ್ಲಿಯೇ. ಕಳುಹಿಸುವ ಮುನ್ನ 'ಫ್ರಂ' ಸಾಲನ್ನು ಓದಿರಿ. ಪ್ರತಿ ಖಾತೆಗೂ ಬೇರೆ ಸಹಿ ಬರೆದಿಟ್ಟರೆ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ.

5. ವಿಂಗಡಣೆ: 'ಫಿಲ್ಟರ್' ನಿಯಮ ಮಾಡಿದರೆ ಬ್ಯಾಂಕಿನ ಪತ್ರ ಒಂದು ಫೋಲ್ಡರ್‌ಗೆ, ವ್ಯಾಪಾರಿಯ ಪತ್ರ ಇನ್ನೊಂದಕ್ಕೆ ತಾನಾಗಿ ಸೇರುತ್ತದೆ. ಗಡಿಭಾಗದ ನಮಗೆ ಮರಾಠಿ ಪತ್ರಗಳೂ ಬರುವುದುಂಟು. ಕನ್ನಡ, ಮರಾಠಿ ಎರಡೂ ಲಿಪಿ ಇದರಲ್ಲಿ ಸರಿಯಾಗಿ ಮೂಡುತ್ತವೆ.

6. ಕಾಪು: ತೂಕದ ಚೀಟಿ, ಪಾವತಿಯ ಪತ್ರಗಳ ಪ್ರತಿಯನ್ನು 'ಲೋಕಲ್ ಫೋಲ್ಡರ್ಸ್'ಗೆ ಹಾಕಿ, ಆ ಫೋಲ್ಡರ್‌ಗಳನ್ನು ಆಗಾಗ್ಗೆ ಪೆನ್‌ಡ್ರೈವ್‌ಗೂ ನಕಲು ಮಾಡಿರಿ. ಗಣಕಯಂತ್ರ ಕೆಟ್ಟರೂ ಲೆಕ್ಕ ಉಳಿಯುತ್ತದೆ.

ಇನ್ನೊಂದು ಮಾತು. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಎಂಬ ಪತ್ರ ನಿಮಗೇ ಬಂದರೆ, ಪತ್ರದಲ್ಲಿರುವ ಸಂಖ್ಯೆಗಲ್ಲ, ನಿಮ್ಮಲ್ಲಿ ಮೊದಲಿನಿಂದ ಇರುವ ಸಂಖ್ಯೆಗೆ ಫೋನ್ ಮಾಡಿ ಕೇಳಿರಿ. ಅಂದು ನಮ್ಮ ಅಡಿಕೆ ಕೊಂಡವರು ತೋರಿದ ಎಚ್ಚರ ಎಲ್ಲರಿಗೂ ಇರಲಿ.

ಅಭ್ಯಾಸ: ಈ ವಾರ ಪ್ರತಿ ಖಾತೆಯಿಂದ ಮನೆಯವರೊಬ್ಬರಿಗೆ ಒಂದೊಂದು ಪತ್ರ ಕಳುಹಿಸಿ, ಅವರ ಪರದೆಯಲ್ಲಿ ಯಾವ ವಿಳಾಸ ಕಾಣುತ್ತದೆಂದು ಕೇಳಿರಿ. ಮೂರೂ ಸರಿಯಿದ್ದರೆ ಪಾಠ ಮನದಟ್ಟಾದಂತೆ.