ನೀಹಾರಿಕೆಗಳ ಚಿತ್ರಕ್ಕೆ ಎಂಥ ಕ್ಯಾಮೆರಾ?

ಮಹಾವ್ಯಾಧದ ನೀಹಾರಿಕೆಯನ್ನು ಸಾಮಾನ್ಯ ಕ್ಯಾಮೆರಾದಿಂದ ಚಿತ್ರಿಸಿದರೆ ಅದರ ಕೆಂಪು ಮಂಕಾಗಿ ಮೂಡುವುದು. ಹೈಡ್ರೊಜನ್ ಸೂಸುವ 656.3 ನ್ಯಾನೋಮೀಟರ್ ತರಂಗಾಂತರದ ಬೆಳಕಿನ ಬಹುಭಾಗವನ್ನು ಕ್ಯಾಮೆರಾದ ಒಳಗಿನ ಶೋಧಕವೇ ತಡೆಯುತ್ತದೆ. ಖಗೋಳ ಛಾಯಾಗ್ರಹಣಕ್ಕೆಂದೇ ರಚಿಸಿದ ಕ್ಯಾಮೆರಾಗಳಲ್ಲಿ ಈ ಅಡ್ಡಿಯಿಲ್ಲ. ಅನೇಕವುಗಳಲ್ಲಿ ಸಂವೇದಕವನ್ನು ತಣಿಸುವ ಏರ್ಪಾಡೂ ಉಂಟು. ಉಷ್ಣತೆ ಸುಮಾರು 6 ಡಿಗ್ರಿ ಇಳಿದಂತೆಲ್ಲ, ಬೆಳಕಿಲ್ಲದೆಯೇ ಹುಟ್ಟುವ ಹುಸಿ ಸಂಕೇತ ಅರ್ಧದಷ್ಟಾಗುವುದು. ನಮ್ಮ ಸೆಕೆಯ ರಾತ್ರಿಗಳಲ್ಲಿ ಇದೇನು ಅಲ್ಪ ಉಪಕಾರವಲ್ಲ!

ಆದರೆ ಕೊಳ್ಳುವ ಮುನ್ನ ನಾವು ನೋಡತಕ್ಕದ್ದು ನಮ್ಮಲ್ಲಿರುವ ದೂರದರ್ಶಕವನ್ನು. ಪಿಕ್ಸೆಲಿನ ಅಗಲವನ್ನು ಮೈಕ್ರಾನುಗಳಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ದೂರದರ್ಶಕದ ಸಂಗಮದೂರದ ಮಿಲಿಮೀಟರುಗಳಿಂದ ಭಾಗಿಸೋಣ. ಆಕಾಶದಲ್ಲಿ ಒಂದು ಪಿಕ್ಸೆಲು ಆವರಿಸುವ ಕೋನ ಸೆಕೆಂಡುಗಳಲ್ಲಿ ದೊರೆಯುವುದು. 3.76 ಮೈಕ್ರಾನಿನ ಪಿಕ್ಸೆಲಿಗೆ, 400 ಮಿಲಿಮೀಟರಿನ ದೂರದರ್ಶಕದಲ್ಲಿ ಅದು 1.9 ಸೆಕೆಂಡು, 2000 ಮಿಲಿಮೀಟರಿನದರಲ್ಲಿ 0.4 ಮಾತ್ರ. ವಾಯುಮಂಡಲದ ಕದಡಾಟದಿಂದ ನಕ್ಷತ್ರಬಿಂಬವೇ 2–3 ಸೆಕೆಂಡು ಹರಡಿಕೊಂಡಿರುವಾಗ ಅಷ್ಟು ಸೂಕ್ಷ್ಮತೆಯಿಂದ ಹೊಸ ವಿವರವೇನೂ ಕಾಣದು; ಇದ್ದ ಕ್ಷೀಣ ಬೆಳಕು ಹಲವು ಪಿಕ್ಸೆಲುಗಳಿಗೆ ಹಂಚಿಹೋಗುವುದಷ್ಟೆ.

ಸಂವೇದಕದ ಅಳತೆಯೂ ಮುಖ್ಯ. 11 ಮಿಲಿಮೀಟರ್ ಚೌಕದ ಸಂವೇದಕವು ಅದೇ 400 ಮಿಲಿಮೀಟರಿನ ದೂರದರ್ಶಕದಲ್ಲಿ ಹಿಡಿಯುವುದು 1.6 ಡಿಗ್ರಿ, ಸುಮಾರು 3 ಡಿಗ್ರಿ ಉದ್ದದ ದೇವಯಾನಿ ಗೆಲಾಕ್ಸಿ ಅದರೊಳಗೆ ಅಡಗದು.

ಕಪ್ಪು-ಬಿಳುಪಿನ ಕ್ಯಾಮೆರಾ ಹೆಚ್ಚು ಸೂಕ್ಷ್ಮವೆಂಬುದು ನಿಜ. ಆದರೆ ಮೂರು ಬಣ್ಣಗಳ ಶೋಧಕಗಳಿಂದ ಬೇರೆಬೇರೆಯಾಗಿ ಚಿತ್ರ ತೆಗೆಯುವಷ್ಟರಲ್ಲಿ ಮೋಡ ಕವಿದರೆ ಕೆಲಸ ಅಪೂರ್ಣ. ಪ್ರಾರಂಭಕ್ಕೆ ನಾವು ವರ್ಣ ಕ್ಯಾಮೆರಾವನ್ನೇ ಆರಿಸುತ್ತೇವೆ.