ಅಂಗದಾನವೂ ಲಿಂಗವಂತನ ದೇಹವೂ

ಷಟ್‌ಸ್ಥಲಶಾಸ್ತ್ರವನ್ನು ಅಭ್ಯಾಸಮಾಡಿದವರಿಗೆ ‘ಅಂಗ’ವೆಂಬ ಶಬ್ದವು ಹೊಸತಲ್ಲ. ಲೋಕರೂಢಿಯಲ್ಲಿ ಅಂಗವೆಂದರೆ ಕೈಕಾಲು ಮೊದಲಾದ ಅವಯವ. ಶಾಸ್ತ್ರದಲ್ಲಿಯಾದರೋ ಅಂಗವೆಂದರೆ ಜೀವಾತ್ಮನು. ಪರಶಿವನೊಬ್ಬನೇ ಉಪಾಸ್ಯನಾದ ಲಿಂಗವೂ ಉಪಾಸಕನಾದ ಅಂಗವೂ ಆದನೆಂಬುದನ್ನು ಮಾಯಿದೇವರು ಅನುಭವಸೂತ್ರದಲ್ಲಿ ನಿರೂಪಿಸಿರುತ್ತಾರೆ. ಆ ಅಂಗವು ಯೋಗಾಂಗ, ಭೋಗಾಂಗ, ತ್ಯಾಗಾಂಗವೆಂದು ಮೂರು ತೆರನಾಗಿದೆ. ಇವುಗಳಲ್ಲಿ ಸ್ಥೂಲಶರೀರಕ್ಕೆ ಸಂಬಂಧಿಸಿದುದು ತ್ಯಾಗಾಂಗ. ದೇಹವು ‘ನನ್ನದು’ ಎಂಬ ಅಭಿಮಾನವನ್ನು ಬಿಡುವುದೇ ಇಲ್ಲಿಯ ತ್ಯಾಗ. ಈ ಹೆಸರಿನ ಸಾಮ್ಯವೊಂದರಿಂದಲೇ ಇಂದಿನ ಅಂಗದಾನಕ್ಕೆ ಶಾಸ್ತ್ರಾಧಾರವು ದೊರಕಿತೆಂದು ಹಿಗ್ಗುವುದು ವಿಚಾರವಂತರಿಗೆ ತಕ್ಕುದಲ್ಲ. ಶರಣರ ಕಾಲದಲ್ಲಿ ಒಬ್ಬನ ಅವಯವವನ್ನು ಇನ್ನೊಬ್ಬನಲ್ಲಿ ಕಸಿಮಾಡುವ ವಿದ್ಯೆಯು ಇರಲಿಲ್ಲ. ಆದುದರಿಂದ ಅವರು ಅದನ್ನು ವಿಧಿಸಲೂ ಇಲ್ಲ, ನಿಷೇಧಿಸಲೂ ಇಲ್ಲ. ಅವರ ತತ್ತ್ವವನ್ನು ಹಿಡಿದು ನಾವೇ ನಿರ್ಣಯಿಸಬೇಕಾಗಿದೆ.

ಆ ವಿದ್ಯೆಯು ಬೆಳೆದು ಬಂದ ಬಗೆಯನ್ನು ಸಂಕ್ಷೇಪವಾಗಿ ತಿಳಿಯತಕ್ಕುದು. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾವನ್ನು 1905ರಲ್ಲಿ ಮೊರಾವಿಯದ ವೈದ್ಯ ಎಡ್ವರ್ಡ್ ಜಿರ್ಮ್ ಮೊದಲು ಸಫಲವಾಗಿ ಕಸಿಮಾಡಿದನು. 1954ರಲ್ಲಿ ಬಾಸ್ಟನ್ ನಗರದ ಜೋಸೆಫ್ ಮರ್ರೆ ಎಂಬ ವೈದ್ಯನು ಅವಳಿ ಸೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಜೋಡಿಸಿದನು. 1967ರಲ್ಲಿ ದಕ್ಷಿಣ ಆಫ್ರಿಕದ ಕ್ರಿಸ್ಟಿಯಾನ್ ಬರ್ನಾರ್ಡ್ ಹೃದಯವನ್ನೇ ಕಸಿಮಾಡಿದನು. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನಲ್ಲಿ ಮೂತ್ರಪಿಂಡದ ಕಸಿಯೂ, 1994ರಲ್ಲಿ ದೆಹಲಿಯಲ್ಲಿ ಹೃದಯದ ಕಸಿಯೂ ಸಫಲವಾದವು. ಅದೇ 1994ರಲ್ಲಿ ಭಾರತ ಸರಕಾರವು ಇದಕ್ಕಾಗಿ ಕಾಯಿದೆಯನ್ನು ಮಾಡಿ, 2011ರಲ್ಲಿ ಅದನ್ನು ತಿದ್ದಿತು. ಕರ್ನಾಟಕದಲ್ಲಿ ಈ ಕಾರ್ಯವು ‘ಜೀವಸಾರ್ಥಕತೆ’ ಎಂಬ ಸಂಸ್ಥೆಯ ಮೂಲಕ ನಡೆಯುತ್ತಿದೆ.

ಇಷ್ಟಾದರೂ ಲಿಂಗವಂತ ಗೃಹಸ್ಥರ ಮನಸ್ಸಿನಲ್ಲಿ ಶಂಕೆಗಳುಂಟು. ಅವು ಅಲ್ಲಗಳೆಯತಕ್ಕ ಶಂಕೆಗಳಲ್ಲ. ದೀಕ್ಷೆಯಾದ ಮೇಲೆ ದೇಹವು ಪ್ರಸಾದಕಾಯವಾಗುತ್ತದೆ. ನಾಸಿಕದಲ್ಲಿ ಆಚಾರಲಿಂಗ, ಜಿಹ್ವೆಯಲ್ಲಿ ಗುರುಲಿಂಗ, ನೇತ್ರದಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಶ್ರೋತ್ರದಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗವು ನೆಲೆಗೊಳ್ಳುತ್ತದೆಂದು ನಾವು ಕಲಿಸುತ್ತೇವೆ. ಹಾಗಾದರೆ ಶಿವಲಿಂಗದ ನೆಲೆಯಾದ ಕಣ್ಣನ್ನೂ ಮಹಾಲಿಂಗದ ನೆಲೆಯಾದ ಹೃದಯವನ್ನೂ ಕಿತ್ತು ಕೊಡುವುದು ಹೇಗೆ? ಎಡದ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ದೃಷ್ಟಿಯನ್ನು ಅದರಲ್ಲಿ ನೆಡುವಂತೆ ಕುಳ್ಳಿರಿಸಿ ಕ್ರಿಯಾಸಮಾಧಿ ಮಾಡುವಾಗ ಆ ದೃಷ್ಟಿಯೇ ಇಲ್ಲವಾದರೆ ಹೇಗೆ?

ಇಲ್ಲಿ ನೇತ್ರವೆಂದರೆ ಮಾಂಸದ ಗೋಳವೋ, ನೋಡುವ ಶಕ್ತಿಯೋ ಎಂಬುದನ್ನು ಮೊದಲು ವಿಚಾರಿಸಬೇಕು. ಶಾಸ್ತ್ರವು ಇಂದ್ರಿಯಮುಖದಲ್ಲಿ ಲಿಂಗವನ್ನು ಹೇಳಿದುದು ರೂಪ ರಸ ಗಂಧಾದಿ ವಿಷಯಗಳನ್ನು ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸಲೆಂದೇ. ಹುಟ್ಟುಕುರುಡನಾದ ಭಕ್ತನಿಗೂ ಶಿವಲಿಂಗದ ಅರ್ಪಿತವುಂಟೆಂಬುದನ್ನು ಯಾರೂ ಅಲ್ಲಗಳೆಯರು. ಪ್ರಾಣವು ಲಿಂಗದಲ್ಲಿ ಬೆರೆತ ಮೇಲೆ ಅರ್ಪಿಸುವವನೇ ಇಲ್ಲ. ಉಳಿದುದು ಬರಿಯ ಪೀಠ. ಅನಿಮಿಷ ದೃಷ್ಟಿಯಿಂದ ಲಿಂಗವನ್ನು ನೋಡತಕ್ಕುದು ಬದುಕಿರುವಾಗ. ಬದುಕಿನಲ್ಲಿ ಒಂದು ದಿನವೂ ಲಿಂಗವನ್ನು ನೆಟ್ಟ ನೋಟದಿಂದ ನೋಡದವನು ಸಮಾಧಿಯ ಗೂಡಿನಲ್ಲಿ ನೋಡುವನೆಂದು ನಂಬುವುದು ಆತ್ಮವಂಚನೆಯಲ್ಲದೆ ಬೇರೆಯಲ್ಲ. ಪ್ರಸಾದಕಾಯದ ಭಾಗವು ಭವಿಯ ದೇಹವನ್ನು ಸೇರಬಹುದಲ್ಲಾ ಎಂಬವರೂ ಉಂಟು. ಅವರು ಆಸ್ಪತ್ರೆಯಲ್ಲಿ ತಮ್ಮ ಮಗನಿಗೆ ರಕ್ತವನ್ನು ಏರಿಸುವಾಗ, ಅದು ಯಾವ ಕುಲದವನದೆಂದು ಕೇಳಿದರೇ? ಹರಳಯ್ಯ ಮಧುವರಸರ ಮನೆತನಗಳನ್ನು ಒಂದುಗೂಡಿಸಿದ ಕಲ್ಯಾಣದ ಪರಂಪರೆಯವರು ತೆಗೆದುಕೊಳ್ಳುವಾಗ ಕೇಳದೆ ಕೊಡುವಾಗ ಮಾತ್ರ ಕುಲವನ್ನೆಣಿಸುವುದು ನ್ಯಾಯವಲ್ಲ. ಇನ್ನು ಶವದ ಮೈಲಿಗೆಯ ಮಾತು. ಪಂಚಸೂತಕಗಳನ್ನು ಒಪ್ಪದ ಧರ್ಮದಲ್ಲಿ ಅದಕ್ಕೆ ಎಡೆಯೇ ಇಲ್ಲ.

ನೇತ್ರದಾನದ ಮಾತು ಬಂದಲ್ಲೆಲ್ಲ ಬೇಡರ ಕಣ್ಣಪ್ಪನ ಕಥೆಯನ್ನು ಹೇಳುವ ವಾಡಿಕೆಯಿದೆ. ಕಾಳಹಸ್ತಿಯಲ್ಲಿ ಲಿಂಗದ ಕಣ್ಣಿನಿಂದ ರಕ್ತವು ಸುರಿಯಲು, ಆ ಬೇಡನು ತನ್ನ ಕಣ್ಣನ್ನೇ ಕಿತ್ತು ಅಲ್ಲಿರಿಸಿದನು. ಇನ್ನೊಂದು ಕಣ್ಣೂ ರಕ್ತವನ್ನು ಸುರಿಸಲು, ಗುರುತಿಗಾಗಿ ಅಲ್ಲಿ ಕಾಲನ್ನಿಟ್ಟು, ತನ್ನ ಎರಡನೆಯ ಕಣ್ಣಿಗೆ ಬಾಣವನ್ನು ಹಿಡಿದನು. ಹರಿಹರನು ಇದನ್ನು ರಗಳೆಯಲ್ಲಿ ಹಾಡಿದ್ದಾನೆ. ಆದರೆ ಕಣ್ಣಪ್ಪನು ಕೊಟ್ಟುದು ಲಿಂಗಕ್ಕೆ, ಮನುಷ್ಯನಿಗಲ್ಲವೆಂದು ಯಾರಾದರೂ ಆಕ್ಷೇಪಿಸಿದರೆ ಆ ಆಕ್ಷೇಪವು ಸರಿಯೇ. ಅದಕ್ಕೆ ಉತ್ತರವು ಪುರಾತನರ ಕಥೆಯಲ್ಲಿಲ್ಲ. ಬಸವಣ್ಣನವರು ಸ್ಥಾವರಕ್ಕಿಂತ ಜಂಗಮವನ್ನು ಮೇಲೆಂದು ಸಾರಿದಲ್ಲಿದೆ. ಲಿಂಗದ ಮುಖವು ಜಂಗಮವೆಂದಮೇಲೆ, ಚೈತನ್ಯದಿಂದ ಚಲಿಸುವ, ನೋಯುವ ಜೀವಕ್ಕೆ ಸಂದುದು ಲಿಂಗಕ್ಕೆ ಸಂದಂತೆಯೇ. ಇದನ್ನು ‘ದಾನ’ವೆನ್ನುವುದಕ್ಕಿಂತ ‘ದಾಸೋಹ’ವೆನ್ನುವುದು ಲೇಸು. ದಾನದಲ್ಲಿ ‘ನಾನು ಕೊಟ್ಟೆ’ ಎಂಬುದು ಉಳಿದುಕೊಳ್ಳುತ್ತದೆ; ದಾಸೋಹದಲ್ಲಿ ಶಿವನದನ್ನು ಶಿವನಿಗೆ ಒಪ್ಪಿಸಿದ ಭಾವ ಮಾತ್ರ. ಮೃತನ ಅವಯವವು ಯಾರಿಗೆ ಹೋಯಿತೆಂಬುದನ್ನು ಆಸ್ಪತ್ರೆಯವರು ಗುಪ್ತವಾಗಿಡುವರು. ಇದೂ ಆ ಭಾವಕ್ಕೆ ಒಪ್ಪುವಂತಿದೆ.

ಕಠಿನವಾದ ಪ್ರಶ್ನೆಯು ಬೇರೆಯಿದೆ. ಕಣ್ಣನ್ನು ಉಸಿರು ನಿಂತ ಮೇಲೆ ತೆಗೆಯುತ್ತಾರೆ. ಹೃದಯ, ಯಕೃತ್ತು, ಮೂತ್ರಪಿಂಡಗಳನ್ನಾದರೋ ಬಹುಮಟ್ಟಿಗೆ ಮಿದುಳು ಸತ್ತು, ಯಂತ್ರದ ಬಲದಿಂದ ಎದೆಯು ಇನ್ನೂ ಮಿಡಿಯುತ್ತಿರುವಾಗ ತೆಗೆಯುತ್ತಾರೆ. ಮೈ ಬೆಚ್ಚಗಿದೆ, ಎದೆ ಏರಿಳಿಯುತ್ತಿದೆ. ಮಗನು ಸತ್ತನೆಂದು ತಾಯಿಯು ಹೇಗೆ ನಂಬಿಯಾಳು? ಕಾಯಿದೆಯ ಪ್ರಕಾರ ನಾಲ್ವರು ವೈದ್ಯರು, ಆರು ಗಂಟೆಗೆ ಕಡಮೆಯಿಲ್ಲದ ಅಂತರವಿಟ್ಟು ಎರಡು ಸಲ ಪರೀಕ್ಷಿಸಬೇಕು. ಕಸಿ ಮಾಡುವ ವೈದ್ಯರು ಈ ನಾಲ್ವರಲ್ಲಿ ಇರಕೂಡದು. ಕಣ್ಣಿನ ಪಾಪೆಯು ಬೆಳಕಿಗೆ ಕುಗ್ಗುವುದೋ, ಯಂತ್ರವನ್ನು ಬಿಡಿಸಿದರೆ ತಾನಾಗಿ ಉಸಿರು ಹುಟ್ಟುವುದೋ ಎಂದು ನೋಡುತ್ತಾರೆ. ಉಸಿರನ್ನು ಹುಟ್ಟಿಸುವ ಮಿದುಳಿನ ಕಾಂಡವೇ ಅಳಿದಮೇಲೆ ಆ ಉಸಿರು ಯಂತ್ರದ್ದೇ ಹೊರತು ಪ್ರಾಣದ್ದಲ್ಲ. ಬಹುಕಾಲ ಎಚ್ಚರವಿಲ್ಲದೆ ಮಲಗಿದ್ದರೂ ತಾನಾಗಿ ಉಸಿರಾಡುವ ರೋಗಿಯ ಸ್ಥಿತಿಯು ಇದಲ್ಲ. ಎರಡನ್ನೂ ಬೆರೆಸಿ ಗಾಬರಿಗೊಳ್ಳಬಾರದು. ಸಂದೇಹವಿದ್ದಲ್ಲಿ ಎರಡನೆಯ ಪರೀಕ್ಷೆಯನ್ನು ಬಳಿಯಲ್ಲಿದ್ದು ನೋಡಲು ಅಪ್ಪಣೆಯನ್ನು ಕೇಳಬಹುದು. ಮನಸ್ಸು ಒಪ್ಪದಿದ್ದರೆ ಒಪ್ಪಿಗೆ ಕೊಡದಿರುವುದು ಪಾಪವಲ್ಲ. ಮೃತನು ಮೊದಲೇ ಬರೆದಿಟ್ಟಿದ್ದರೂ ಆಸ್ಪತ್ರೆಯವರು ಮನೆಯವರನ್ನು ಕೇಳಿಯೇ ಮುಂದುವರಿಯುತ್ತಾರೆ. ಆದುದರಿಂದ ಮನೆಯೊಳಗೆ ಈ ಮಾತನ್ನು ಆರೋಗ್ಯವಿರುವಾಗಲೇ ಆಡಿಟ್ಟಿರಬೇಕು.

ಬದುಕಿರುವವರು ಕೊಡುವ ಮೂತ್ರಪಿಂಡದ ವಿಷಯದಲ್ಲಿ ಹೆಚ್ಚು ಎಚ್ಚರವು ಬೇಕು. ತಂದೆತಾಯಿ, ಮಕ್ಕಳು, ಒಡಹುಟ್ಟಿದವರು, ಪತಿಪತ್ನಿಯರು, ಅಜ್ಜಅಜ್ಜಿ, ಮೊಮ್ಮಕ್ಕಳು ಕಾಯಿದೆಯಂತೆ ಹತ್ತಿರದ ಸಂಬಂಧಿಗಳು; ಉಳಿದವರು ಕೊಡುವುದಾದರೆ ಅಧಿಕೃತ ಸಮಿತಿಯ ಒಪ್ಪಿಗೆ ಬೇಕು. ಮಾರಾಟಕ್ಕೆ ಐದರಿಂದ ಹತ್ತು ವರ್ಷಗಳ ಸೆರೆಯುಂಟು. ಬಡವನ ಮೂತ್ರಪಿಂಡವನ್ನು ಸಿರಿವಂತನು ಕೊಳ್ಳುವುದು ಕಾಯಕವೂ ಅಲ್ಲ, ದಾಸೋಹವೂ ಅಲ್ಲ. ಆದರೆ ಮಾರಾಟವಿಲ್ಲದೆಯೂ ಅನ್ಯಾಯವು ನಡೆಯುತ್ತದೆ. ನಮ್ಮ ದೇಶದಲ್ಲಿ ಬದುಕಿದ್ದು ಕೊಡುವವರಲ್ಲಿ ಹೆಚ್ಚಿನವರು ಸ್ತ್ರೀಯರು, ಪಡೆಯುವವರಲ್ಲಿ ಹೆಚ್ಚಿನವರು ಪುರುಷರು. ಗಂಡನು ದುಡಿಯುವವನೆಂಬ ನೆವದಿಂದ ಹೆಂಡತಿಯನ್ನೂ ತಾಯಿಯನ್ನೂ ಮೊದಲು ಕೇಳುವುದು ಮನೆಮನೆಯ ರೂಢಿಯಾಗಿದೆ. ಸೊಸೆಯು ಅತ್ತೆಮಾವಂದಿರ ಮುಂದೆ ಒಲ್ಲೆನೆನ್ನಲಾರದೆ ತಲೆಯಾಡಿಸಿದರೆ ಅದು ಒಪ್ಪಿಗೆಯಲ್ಲ. ಸ್ತ್ರೀಗೂ ಲಿಂಗದೀಕ್ಷೆಯನ್ನು ಕೊಟ್ಟ ಧರ್ಮದವರು ಆಕೆಯ ದೇಹವನ್ನು ಮನೆತನದ ಸೊತ್ತೆಂದು ಎಣಿಸುವುದು ನಾಚಿಕೆಗೇಡು.

ಮರಣಾನಂತರದ ನೇತ್ರದಾನವಂತೂ ಯಾವ ಗೃಹಸ್ಥನಿಗೂ ಭಾರವಾದುದಲ್ಲ. ವರನಟ ರಾಜಕುಮಾರರು 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. 2021ರಲ್ಲಿ ಅವರ ಮಗ ಪುನೀತರ ಕಾರ್ನಿಯಾಗಳನ್ನು ಪದರಗಳಾಗಿ ಬಿಡಿಸಿ ನಾಲ್ವರಿಗೆ ದೃಷ್ಟಿಯನ್ನು ಕೊಟ್ಟರು. ಕನ್ನಡಕ ಧರಿಸಿದವರೂ, ಪೊರೆ ತೆಗೆಸಿಕೊಂಡವರೂ, ಸಕ್ಕರೆ ಕಾಯಿಲೆಯವರೂ ಕೊಡಬಹುದು. ಉಸಿರು ನಿಂತ ಆರು ಗಂಟೆಗಳೊಳಗೆ ಕಾರ್ಯವು ಆಗಬೇಕು. ನಮ್ಮಲ್ಲಿ ಲಿಂಗೈಕ್ಯರಾದೊಡನೆ ಮೈತೊಳೆದು, ವಿಭೂತಿ ಧರಿಸಿ, ಕುಳ್ಳಿರಿಸಿ ಭಜನೆಗೆ ತೊಡಗುವ ಪದ್ಧತಿಯಿದೆ. ಹಾಗೆ ಕುಳ್ಳಿರಿಸುವ ಮೊದಲೇ ನೇತ್ರಭಂಡಾರಕ್ಕೆ ತಿಳಿಸಬೇಕು. ರೆಪ್ಪೆಗಳನ್ನು ಮುಚ್ಚಿ, ಒದ್ದೆಯ ಹತ್ತಿಯನ್ನಿಟ್ಟು, ತಲೆಗೆ ದಿಂಬು ಕೊಟ್ಟು, ಗಾಳಿಯ ಪಂಖವನ್ನು ನಿಲ್ಲಿಸಿರಬೇಕು. ವೈದ್ಯರು ಮನೆಗೇ ಬಂದು ಅರ್ಧ ಗಂಟೆಯೊಳಗೆ ಕೆಲಸವನ್ನು ಮುಗಿಸುವರು, ಮುಖವು ವಿಕಾರವಾಗುವುದಿಲ್ಲ. ಆ ಬಳಿಕ ಸ್ನಾನ, ವಿಭೂತಿ, ಲಿಂಗಪೂಜೆ, ವಿಮಾನ, ಸಮಾಧಿಗಳೆಲ್ಲವೂ ಎಂದಿನಂತೆಯೇ. ಉಳಿದ ಅವಯವಗಳನ್ನು ಕೊಟ್ಟಾಗಲೂ ದೇಹವನ್ನು ಹೊಲಿದು ಹಿಂದಿರುಗಿಸುವುದರಿಂದ ಕ್ರಿಯಾಸಮಾಧಿಗೆ ಅಡ್ಡಿಯಿಲ್ಲ. ಶಸ್ತ್ರಕ್ರಿಯೆಯ ವೇಳೆಯಲ್ಲಿ ಇಷ್ಟಲಿಂಗವನ್ನು ಮನೆಯ ದೀಕ್ಷಿತರೊಬ್ಬರು ತಮ್ಮಲ್ಲಿ ಕಾಯ್ದುಕೊಂಡಿದ್ದು, ದೇಹವು ಹೊರಬಂದೊಡನೆ ಪುನಃ ಧರಿಸಬೇಕು. ಆಸ್ಪತ್ರೆಯ ಡಬ್ಬಿಯಲ್ಲಿ ಉಂಗುರ ಗಡಿಯಾರಗಳೊಡನೆ ಅದನ್ನು ಬಿಟ್ಟುಬರಬಾರದು.

ಇಡಿಯ ದೇಹವನ್ನು ವೈದ್ಯವಿದ್ಯಾರ್ಥಿಗಳ ಅಭ್ಯಾಸಕ್ಕೆ ಕೊಡುವವರೂ ಉಂಟು. ಬೆಳಗಾವಿಯಲ್ಲಿ 2010ರಲ್ಲಿ ವೈದ್ಯನೊಬ್ಬನು ತಂದೆಯ ಇಚ್ಛೆಯಂತೆ ಅವರ ದೇಹವನ್ನು ವಿದ್ಯಾರ್ಥಿಗಳ ಮುಂದೆ ತಾನೇ ಛೇದಿಸಿ ಪಾಠವನ್ನು ಹೇಳಿದ್ದುಂಟು. ಅಂತಹ ಸಂಕಲ್ಪದಲ್ಲಿ ದೇಹಕ್ಕೆ ಸಮಾಧಿಯಿಲ್ಲವಾದುದರಿಂದ ಇಷ್ಟಲಿಂಗವನ್ನು ಏನು ಮಾಡತಕ್ಕುದೆಂಬುದನ್ನು ಸಂಕಲ್ಪಿಸಿದವನು ತಾನು ಬದುಕಿರುವಾಗಲೇ ದೀಕ್ಷಾಗುರುವಿನಲ್ಲಿ ಬಿನ್ನವಿಸಿ, ಅವರ ಅಪ್ಪಣೆಯನ್ನು ಮನೆಯವರಿಗೆ ತಿಳಿಸಿಟ್ಟಿರಬೇಕು.